ಗೊಬ್ಬರ ಹಾಕಿದ ಮೇಲೂ ಗಿಡ ಏಕೆ ಸೊರಗುತ್ತದೆ?



ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ಕೃಷಿ ಭವನದ ಜಗಲಿಯಲ್ಲಿ ಹೋಗಿ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತದೆ. "ಎಂತ ಮಾರಾಯ್ರೇ, ಒಂದು ಲೋಡು ಗೊಬ್ಬರ ಹಾಕಿದೆ. ಗೊಬ್ಬರ ಹಾಕದ ಬದಿಯ ಗಿಡವೇ ಚೆನ್ನಾಗಿದೆ. ಹಾಕಿದ ಕಡೆ ಎಲ್ಲ ಹಳದಿ." ಕೇಳಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರ ಕೊಡುತ್ತಾರೆ. ಒಂದು, "ಇನ್ನೂ ಸ್ವಲ್ಪ ಗೊಬ್ಬರ ಹಾಕಿ." ಇನ್ನೊಂದು, "ಯಾರದೋ ಕಣ್ಣು ಬಿದ್ದಿರಬೇಕು." ಎರಡರಿಂದಲೂ ಗಿಡಕ್ಕೆ ಉಪಕಾರವಿಲ್ಲ. ಮೊದಲನೆಯದರಿಂದ ಅಪಕಾರವೇ ಹೆಚ್ಚು.

ಗೊಬ್ಬರದ ಮೇಲೆ ನಮ್ಮವರಿಗೆ ಇರುವ ನಂಬಿಕೆಗೆ ಕಾರಣವಿದೆ. ಗೇರು ತೋಟಗಳ ಮೇಲೆ ಎರಚಿದ ಎಂಡೋಸಲ್ಫಾನಿನ ಕಹಿಯನ್ನು ಈ ಜಿಲ್ಲೆ ಉಂಡಿದೆ. 2011ರಲ್ಲಿ ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಯನ್ನು ದೇಶದಲ್ಲೆಲ್ಲ ತಡೆಯಿತು. ಅಂಗಡಿಯ ಡಬ್ಬದಲ್ಲಿ ಬಂದದ್ದು ವಿಷ, ಹಟ್ಟಿಯಿಂದ ಬಂದದ್ದು ಅಮೃತ ಎಂಬ ಭಾವನೆ ಆ ಅನುಭವದಿಂದ ಗಟ್ಟಿಯಾಗಿದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಬೇಯದ ಅನ್ನವೂ ಅನ್ನವೇ, ಉಂಡರೆ ಮಾತ್ರ ಹೊಟ್ಟೆ ನೋವು. ಗೊಬ್ಬರಕ್ಕೂ ಬೇಯುವ ಕಾಲ ಎಂದೊಂದಿದೆ. ಅದು ಸೇರುವ ಮಣ್ಣಿಗೂ ಒಂದು ಸ್ವಭಾವವಿದೆ.

ಒಂದು ಉದಾಹರಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಐದು ಜನ ಅಕ್ಕಂದಿರ ಒಂದು ಕುಟುಂಬಶ್ರೀ ಗುಂಪು. ಗದ್ದೆಯ ಕೊಯ್ಲು ಮುಗಿದ ಮೇಲೆ 30 ಸೆಂಟ್ಸ್ ಜಾಗ ಗೇಣಿಗೆ ಹಿಡಿದಿದ್ದಾರೆ. ಬ್ಯಾಂಕಿನ ಸಾಲವೂ ಇದೆ. ಬೆಳೆ ಸೌತೆ, ಅಲಸಂಡೆ, ಹರಿವೆ, ಬದಿಯಲ್ಲಿ ಒಂದಿಷ್ಟು ಬದನೆ. ಬಿಸುವಿಗೆ ಕಣಿ ಇಡಲು ಸೌತೆ ಬೇಕು, ಆ ವಾರದ ಬೆಲೆ ಮತ್ತೆ ವರ್ಷವಿಡೀ ಸಿಗುವುದಿಲ್ಲ. ಜನವರಿಯಲ್ಲಿ ಬೀಜ ಹಾಕಿ ಏಪ್ರಿಲ್ ನಡುವಿಗೆ ಕೊಯ್ಯಬೇಕು. ಗುಳಿಗೆ ಹಟ್ಟಿಗೊಬ್ಬರ, ಕೋಳಿಗೊಬ್ಬರ, ತೆಂಗಿನ ನಾರಿನ ಹುಡಿ ಎಲ್ಲ ತುಂಬಿ ಬೀಜ ಹಾಕಿದರು. ಮೂರನೆಯ ವಾರಕ್ಕೆ ಅರ್ಧದಷ್ಟು ಗುಳಿಗಳ ಗಿಡ ಹಳದಿ, ಕೆಲವು ಸುಟ್ಟಂತೆ, ಬದನೆಯಲ್ಲಿ ಎರಡು ಮೂರು ಗಿಡ ಹಸಿರಾಗಿದ್ದಂತೆಯೇ ಜೋತುಬಿದ್ದಿವೆ. ಈಗ ಇವರ ಕೈಯಲ್ಲಿ ಉಳಿದಿರುವುದು ಹೆಚ್ಚೆಂದರೆ ಹತ್ತು ದಿನ. ಅಷ್ಟರೊಳಗೆ ರೋಗ ಯಾವುದೆಂದು ತಿಳಿದರೆ ಮತ್ತೊಮ್ಮೆ ಬೀಜ ಹಾಕಿ ಬಿಸುವಿಗೆ ಮುಟ್ಟಬಹುದು. ತಿಳಿಯದಿದ್ದರೆ ಗೇಣಿ, ಸಾಲ, ದುಡಿಮೆ ಎಲ್ಲವೂ ಗುಳಿಯಲ್ಲೇ ಉಳಿಯುತ್ತದೆ. ನೀವು ಆ ಗುಂಪಿನವರೆಂದೇ ಇಟ್ಟುಕೊಳ್ಳಿ, ನಾವು ಒಟ್ಟಿಗೆ ಗದ್ದೆಗೆ ಇಳಿಯೋಣ.

ಮೊದಲು ಕೇಳಬೇಕಾದ ಪ್ರಶ್ನೆ "ಏನು ಕೊರತೆ" ಎಂದಲ್ಲ, "ಯಾವಾಗ ಶುರುವಾಯಿತು" ಎಂದು. ವೈದ್ಯರು ಜ್ವರದ ರೋಗಿಯನ್ನು ಕೇಳುವುದೂ ಇದನ್ನೇ ಅಲ್ಲವೆ?

ಗೊಬ್ಬರ ಹಾಕಿದ ಮೊದಲ ವಾರ, ಹತ್ತು ದಿನದೊಳಗೇ ಗಿಡ ಕೆಟ್ಟಿದ್ದರೆ ಅದು ಹೆಚ್ಚಾಗಿ ಗೊಬ್ಬರದ ಕಾವು ಮತ್ತು ಉಪ್ಪು. ಮೊಳಕೆ ಮೇಲೆ ಬರುವುದಿಲ್ಲ, ಬಂದರೆ ಎಲೆಯ ತುದಿ ಮತ್ತು ಅಂಚು ಕಂದಾಗಿ ಒಣಗುತ್ತದೆ. ನೀರು ಎರೆದರೂ ಬಾಡಿದಂತೆ ಇರುತ್ತದೆ. ಗುಳಿಯ ಮಣ್ಣನ್ನು ಒಂದು ಹಿಡಿ ತೆಗೆದು ಮೂಸಿ ನೋಡಿ. ಮೂತ್ರದ ಘಾಟಿನಂತೆ ಮೂಗಿಗೆ ಹೊಡೆದರೆ ಅಮೋನಿಯ ಇನ್ನೂ ಹೊರಡುತ್ತಿದೆ ಎಂದು ಅರ್ಥ. ಕೋಳಿಗೊಬ್ಬರವೇ ಇಲ್ಲಿ ಮುಖ್ಯ ಆರೋಪಿ. ಮಲಯಾಳದಲ್ಲಿ ಕೋಳಿವಳಂ ಎಂದು ಚೀಲದಲ್ಲಿ ಬರುವ ಸರಕು ಎಷ್ಟೋ ಸಲ ನೇರವಾಗಿ ಬ್ರಾಯ್ಲರ್ ಶೆಡ್ಡಿನಿಂದ ಬಂದದ್ದು. ಹಟ್ಟಿಗೊಬ್ಬರಕ್ಕಿಂತ ಅದರಲ್ಲಿ ಸಾರಜನಕ ಬಹಳ ಹೆಚ್ಚು, ಉಪ್ಪೂ ಹೆಚ್ಚು. ನೆನಸಿದರೆ ಹೊಗೆಯಾಡುವಷ್ಟು ಕಾವೇರುತ್ತದೆ. ಗೊಬ್ಬರದ ರಾಶಿ ಬೆಂದಿದೆಯೇ ಎಂದು ನೋಡಲು ಒಂದು ಕಬ್ಬಿಣದ ಸಲಾಕೆಯನ್ನು ನಡುವಿಗೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಕೈಗೆ ಬಿಸಿ ತಾಗಿದರೆ ಅದು ಗಿಡದ ಬುಡಕ್ಕೆ ಹೋಗುವ ಪದಾರ್ಥವಲ್ಲ.

ಈ ತೊಂದರೆಗೆ ಗದ್ದೆಯಲ್ಲಿ ಪರಿಹಾರವಿದೆ. ಬದುಕಿರುವ ಗಿಡದ ಬುಡದಿಂದ ಆ ಗೊಬ್ಬರವನ್ನು ಒಂದು ಗೇಣು ದೂರಕ್ಕೆ ಎಳೆದುಬಿಡಿ. ಎರಡು ಮೂರು ಸಲ ಧಾರಾಳವಾಗಿ ನೀರು ಬಿಟ್ಟು ಉಪ್ಪನ್ನು ಕೆಳಗಿಳಿಸಿ. ಸತ್ತ ಗುಳಿಗೆ ಮತ್ತೆ ಬೀಜ ಹಾಕುವ ಮುಂಚೆ ಗುಳಿಯನ್ನು ಕೆದಕಿ, ಅಷ್ಟೇ ಬರಿ ಮಣ್ಣು ಬೆರೆಸಿ, ಒಂದು ವಾರ ಆರಲು ಬಿಡಿ.

ಎರಡನೆಯ ವಾರ ಚೆನ್ನಾಗಿಯೇ ಇದ್ದ ಗಿಡ ಮೂರನೆಯ, ನಾಲ್ಕನೆಯ ವಾರದಲ್ಲಿ ನಿಧಾನವಾಗಿ ಹಳದಿಯಾದರೆ ಕಥೆ ಬೇರೆ. ಹಳದಿ ಎಲ್ಲಿಂದ ಶುರುವಾಗಿದೆ ನೋಡಿ. ಕೆಳಗಿನ ಹಳೆಯ ಎಲೆ ಪೂರ್ತಿ ಬಿಳಿಚಿಕೊಂಡು, ಮೇಲಿನ ಚಿಗುರು ಸಣ್ಣದಾಗಿದ್ದರೂ ಸ್ವಲ್ಪ ಹಸಿರಾಗಿದ್ದರೆ ಗಿಡಕ್ಕೆ ಸಾರಜನಕದ ಹಸಿವು. ಗಿಡ ತನ್ನ ಹಳೆಯ ಎಲೆಯಿಂದ ಸಾರಜನಕ ತೆಗೆದು ಚಿಗುರಿಗೆ ಕೊಡುತ್ತಿದೆ, ತಾಯಿ ತನ್ನ ತುತ್ತನ್ನು ಮಗುವಿಗೆ ಕೊಟ್ಟ ಹಾಗೆ. "ಅಷ್ಟು ಗೊಬ್ಬರ ಹಾಕಿದ ಮೇಲೂ ಹಸಿವೇ?" ಎಂದು ನೀವು ಕೇಳಬಹುದು. ಹೌದು, ಹಾಕಿದ್ದರಿಂದಲೇ ಹಸಿವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೊಬ್ಬರವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಂಗಾಲವೂ ಬೇಕು, ಸಾರಜನಕವೂ ಬೇಕು. ಸುಮಾರು 25ರಿಂದ 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕವಿದ್ದರೆ ಅವುಗಳ ಊಟ ಸರಿಹೋಗುತ್ತದೆ. ಕೊಳೆತ ಹಟ್ಟಿಗೊಬ್ಬರದಲ್ಲಿ ಈ ಲೆಕ್ಕ ಸರಿಯಿರುತ್ತದೆ. ಕೊಳೆಯದ ತೆಂಗಿನ ನಾರಿನ ಹುಡಿಯಲ್ಲಿ, ಅಂದರೆ ಚಗಿರಿಚ್ಚೋರಿನಲ್ಲಿ, ಒಂದು ಪಾಲು ಸಾರಜನಕಕ್ಕೆ 100ಕ್ಕೂ ಹೆಚ್ಚು ಪಾಲು ಇಂಗಾಲ. ಸಾಮಿಲ್ಲಿನ ಮರದ ಹುಡಿಯಲ್ಲಿ ಇನ್ನೂ ಎಷ್ಟೋ ಪಟ್ಟು. ಬೈಹುಲ್ಲು, ಒಣ ತರಗೆಲೆಗಳೂ ಇದೇ ಜಾತಿ, ಸ್ವಲ್ಪ ಕಡಿಮೆ ಎನ್ನಬಹುದು. ಇವನ್ನು ಹಸಿಯಾಗಿಯೇ ಗುಳಿಗೆ ತುಂಬಿದರೆ ಸೂಕ್ಷ್ಮಜೀವಿಗಳು ಇಂಗಾಲವನ್ನು ತಿನ್ನಲು ಹೊರಟು, ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದ ಕಸಿದುಕೊಳ್ಳುತ್ತವೆ. ಪಂಕ್ತಿಯಲ್ಲಿ ಕೂತ ಗಿಡದ ಎಲೆಗೆ ಬಡಿಸುವ ಮೊದಲೇ ಪಾತ್ರೆ ಖಾಲಿ. ಹುಲ್ಲಾದರೆ ಕೆಲವು ವಾರಗಳಲ್ಲಿ, ಮರದ ಹುಡಿಯಾದರೆ ತಿಂಗಳುಗಳ ಮೇಲೆ, ಆ ಜೀವಿಗಳು ಸತ್ತು ಅದೇ ಸಾರಜನಕ ಮಣ್ಣಿಗೆ ಹಿಂದಿರುಗುತ್ತದೆ. ಆದರೆ ಮೂರು ತಿಂಗಳ ಸೌತೆಗೆ ಅಷ್ಟು ಕಾಯುವ ಪುರುಸೊತ್ತಿಲ್ಲ.

ಹಾಗಾಗಿ ಗಿಡಕ್ಕೆ ಬೇರೆಯೇ ಎಲೆ ಹಾಕಿ ಬಡಿಸಬೇಕು. ಗೋಮೂತ್ರವನ್ನು ಹತ್ತು ಪಟ್ಟು ನೀರಿನಲ್ಲಿ ಬೆರೆಸಿ ವಾರಕ್ಕೊಮ್ಮೆ ಬುಡಕ್ಕೆ ಎರೆಯುವುದು ಸುಲಭದ ದಾರಿ. ಕಡಲೆ ಹಿಂಡಿಯನ್ನು ಎರಡು ಮೂರು ದಿನ ನೀರಿನಲ್ಲಿ ಕೊಳೆಸಿ, ತೆಳ್ಳಗೆ ಮಾಡಿ ಎರೆಯಬಹುದು. ಯೂರಿಯ ಬಳಸುವವರು ಚಿಟಿಕೆಯ ಲೆಕ್ಕದಲ್ಲಿ ಬಳಸಲಿ, ಅದರಿಂದ ಜಾತಿ ಕೆಡುವುದಿಲ್ಲ. ಹೊಸ ಚಿಗುರು ಹಸಿರಾಗಿ, ಅಗಲವಾಗಿ ಬರತೊಡಗಿದರೆ ರೋಗ ಸರಿಯಾಗಿ ಗುರುತಾಯಿತು ಎಂದು ತಿಳಿಯಿರಿ. ಹಳೆಯ ಎಲೆ ಮತ್ತೆ ಹಸಿರಾಗಬೇಕೆಂದು ಕಾಯಬೇಡಿ. ಮುಂದಿನ ವರ್ಷಕ್ಕೆ ಚಗಿರಿಚ್ಚೋರನ್ನು ಅಣಬೆ ಬೀಜ ಮತ್ತು ಸ್ವಲ್ಪ ಯೂರಿಯ ಅಥವಾ ಕೋಳಿಗೊಬ್ಬರ ಬೆರೆಸಿ ಮಳೆ ಬೀಳದ ನೆರಳಿನಲ್ಲಿ ಕೊಳೆಸಿಕೊಳ್ಳಿ. ಕಂದು ಬಣ್ಣ ಹೋಗಿ ಕಪ್ಪಾಗಬೇಕು, ರಾಶಿ ಕುಗ್ಗಬೇಕು, ಆಗ ಅದು ಗೊಬ್ಬರ.

ಹಳದಿ ಇನ್ನೂ ಎರಡು ಬಗೆಯಲ್ಲಿ ಬರುತ್ತದೆ, ಅವನ್ನು ಮೇಲಿನದರ ಜೊತೆ ಬೆರೆಸಬಾರದು. ಹಳೆಯ ಎಲೆಯ ನರ ಹಸಿರಾಗಿದ್ದು ನರಗಳ ನಡುವೆ ಮಾತ್ರ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ನಮ್ಮ ಮಳೆ ಇದನ್ನು ತೊಳೆದುಕೊಂಡು ಹೋಗುತ್ತದೆ. ಬೂದಿಯನ್ನೋ ಪೊಟ್ಯಾಷನ್ನೋ ಧಾರಾಳವಾಗಿ ಹಾಕಿದವರ ಹಿತ್ತಿಲಿನಲ್ಲಿ ಅದು ಇನ್ನೂ ಬೇಗ ಕಾಣಿಸುತ್ತದೆ, ಏಕೆಂದರೆ ಪೊಟ್ಯಾಷ್ ಹೆಚ್ಚಾದರೆ ಬೇರು ಮೆಗ್ನೀಸಿಯಂ ಎಳೆದುಕೊಳ್ಳುವುದಿಲ್ಲ. ಹಳೆಯ ಎಲೆಯ ಅಂಚು ಮಾತ್ರ ನಿಧಾನವಾಗಿ ಸುಟ್ಟಂತಾದರೆ ಪೊಟ್ಯಾಷ್ ಕೊರತೆ. ನಿಧಾನವಾಗಿ ಎಂಬುದನ್ನು ಗಮನಿಸಿ. ಅಂಚು ಒಂದೇ ವಾರದಲ್ಲಿ ಸುಟ್ಟರೆ ಅದು ಆಗಲೇ ಹೇಳಿದ ಉಪ್ಪಿನ ಕೆಲಸ.

ಈಗ ಬದನೆಯ ಕಡೆಗೆ ಬನ್ನಿ. ಹಳದಿಯೇ ಆಗದೆ, ಹಸಿರಾಗಿರುವಾಗಲೇ ಗಿಡ ಜೋತುಬಿದ್ದಿದೆ. ಮೊದಲ ದಿನ ಮಧ್ಯಾಹ್ನ ಬಾಡಿ ಸಂಜೆ ಏಳುತ್ತದೆ, ಎರಡು ಮೂರು ದಿನಕ್ಕೆ ಏಳುವುದೇ ಇಲ್ಲ. ಬಹಳ ಮಂದಿ ಇದನ್ನು ಗೊಬ್ಬರದ ಉಷ್ಣ ಎಂದು ತಿಳಿದು ನೀರು ಎರೆಯುತ್ತಾ ಹೋಗುತ್ತಾರೆ. ಆ ನೀರೇ ರೋಗವನ್ನು ಸಾಲಿನ ಕೊನೆಯವರೆಗೆ ಹೊತ್ತುಕೊಂಡು ಹೋಗುತ್ತದೆ. ಒಂದು ಗಿಡ ಕಿತ್ತು, ಬುಡದ ಹತ್ತಿರ ಕಾಂಡವನ್ನು ಓರೆಯಾಗಿ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿನೀರು ತುಂಬಿಸಿ, ಕತ್ತರಿಸಿದ ತುದಿ ನೀರಿಗೆ ಮುಟ್ಟುವಂತೆ ಅಲುಗಾಡದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ತುದಿಯಿಂದ ಹಾಲಿನಂತಹ ಬಿಳಿ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯದ ಸೊರಗು ರೋಗ. ಮಲಯಾಳದವರು ವಾಟ್ಟಂ ಎನ್ನುವುದು ಇದನ್ನೇ. ಹುಳಿ ಮಣ್ಣು, ಬಿಸಿ ಹವೆ, ತೇವ ಮೂರೂ ಇರುವ ನಮ್ಮ ಕರಾವಳಿ ಇದಕ್ಕೆ ತವರುಮನೆ. ಬಂದ ಗಿಡಕ್ಕೆ ಮದ್ದಿಲ್ಲ. ಕಿತ್ತು ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ಆ ಜಾಗದಲ್ಲಿ ಬದನೆ, ಟೊಮೆಟೊ, ಮೆಣಸು ಕೆಲವು ಬೆಳೆಗಾಲ ಬೇಡ. ಕೇರಳ ಕೃಷಿ ವಿಶ್ವವಿದ್ಯಾಲಯ ಈ ರೋಗ ತಾಳುವ ತಳಿಗಳನ್ನು ಬಿಡುಗಡೆ ಮಾಡಿದೆ. ಬದನೆಯಲ್ಲಿ ಸೂರ್ಯ, ಶ್ವೇತ, ಹರಿತ, ಟೊಮೆಟೊದಲ್ಲಿ ಶಕ್ತಿ, ಮುಕ್ತಿ, ಮೆಣಸಿನಲ್ಲಿ ಉಜ್ವಲ. ಬೀಜ ಕೇಳುವಾಗ ಹೆಸರು ಹಿಡಿದೇ ಕೇಳಿ.

ಗಿಡ ಕಿತ್ತಾಗ ಬೇರನ್ನೂ ನೋಡಿಬಿಡಿ, ಅದಕ್ಕೆ ಬೇರೆ ಖರ್ಚಿಲ್ಲ. ಅಲಸಂಡೆಯ ಬೇರಿನಲ್ಲಿ ಗಂಟುಗಳಿದ್ದರೆ ಹೆದರಬೇಡಿ. ಬೆರಳಿನಿಂದ ತಿಕ್ಕಿದಾಗ ಕಳಚಿ ಬಂದು, ಒಡೆದರೆ ಒಳಗೆ ನಸುಗೆಂಪಾಗಿದ್ದರೆ ಅವು ಗಾಳಿಯ ಸಾರಜನಕ ಹಿಡಿದುಕೊಡುವ ಉಪಕಾರಿ ಗಂಟುಗಳು. ಬೇರೇ ಊದಿಕೊಂಡಂತೆ ಇದ್ದು, ತಿಕ್ಕಿದರೂ ಕಳಚದಿದ್ದರೆ, ಅದು ಬೇರುಗಂಟು ಜಂತುಹುಳದ ಬಾಧೆ. ಬೆಂಡೆಯಲ್ಲೂ ಬದನೆಯಲ್ಲೂ ಗಂಟು ಕಂಡರೆ ಅದು ಈ ಎರಡನೆಯದೇ, ಅವುಗಳಿಗೆ ಉಪಕಾರಿ ಗಂಟು ಇರುವುದಿಲ್ಲ. ಬೇವಿನ ಹಿಂಡಿ ಕೊಡುವುದು, ಮುಂದಿನ ಬೆಳೆಗೆ ಜಾಗ ಬದಲಿಸುವುದು, ನಡುವೆ ಚೆಂಡುಹೂ ನೆಡುವುದು ಇವು ಉಪಾಯಗಳು.

ಗೊಬ್ಬರದ ಜೊತೆ ಬರುವ ಬಿಳಿಯ, ಕೊಕ್ಕೆಯಂತೆ ಬಾಗಿದ ದಪ್ಪ ಹುಳುವಿನ ಬಗ್ಗೆಯೂ ಕೇಳುತ್ತಾರೆ. ಹಟ್ಟಿಗೊಬ್ಬರದ ಗುಂಡಿಯಲ್ಲೇ ಇರುವ ಹೆಬ್ಬೆರಳು ಗಾತ್ರದ ಹುಳು ಹೆಚ್ಚಾಗಿ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿ, ಕೊಂಬನ್ ಚೆಲ್ಲಿ. ಅದು ಕೊಳೆತದ್ದನ್ನು ತಿನ್ನುತ್ತದೆ, ನಿಮ್ಮ ಸೌತೆಯ ಬೇರನ್ನಲ್ಲ. ಆದರೆ ಬೆಳೆದು ರೆಕ್ಕೆ ಬಂದ ಮೇಲೆ ತೆಂಗಿಗೆ ಏರುತ್ತದೆ, ಆದ್ದರಿಂದ ಹೆಕ್ಕಿ ಕೋಳಿಗೆ ಹಾಕಿ. ಗುಂಡಿಗೆ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರ ಬೆರೆಸುವ ಕ್ರಮವೂ ಇದೆ. ಜೀವಂತ ಬೇರನ್ನು ಕಡಿಯುವ ಬೇರುಹುಳ ಬೇರೆ. ಅದು ಗುಂಡಿಯಲ್ಲಲ್ಲ, ಗಿಡದ ಬುಡದ ಮಣ್ಣಿನಲ್ಲಿ ಸಿಗುತ್ತದೆ.

ಇಷ್ಟು ಹೇಳಿದ್ದು ಬೇಸಿಗೆಯ ಗದ್ದೆಯ ಮಾತು. ಮಳೆಗಾಲದ ಹಿತ್ತಿಲಿಗೆ ಬಂದರೆ ಇನ್ನೊಂದು ತೊಂದರೆ ಎಲ್ಲವನ್ನೂ ಮೀರಿಸುತ್ತದೆ. ಮುರಕಲ್ಲು ನೆಲದಲ್ಲಿ ಪಿಕ್ಕಾಸಿನಿಂದ ಗುಳಿ ತೋಡಿ ಗೊಬ್ಬರ ತುಂಬಿದಿರಿ ಎಂದುಕೊಳ್ಳಿ. ಸುತ್ತ ಗಟ್ಟಿ ನೆಲ, ನಡುವೆ ಮೆತ್ತಗಿನ ಗೊಬ್ಬರ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ನೀವು ತೋಡಿದ್ದು ಗುಳಿಯಲ್ಲ, ನೀರಿನ ತೊಟ್ಟಿ. ಗೊಬ್ಬರ ಕೊಳೆಯುವಾಗ ಗಾಳಿಯನ್ನು ಉಸಿರಾಡುತ್ತದೆ, ಬೇರೂ ಉಸಿರಾಡುತ್ತದೆ, ನೀರು ನಿಂತರೆ ಇಬ್ಬರಿಗೂ ಉಸಿರು ಕಟ್ಟುತ್ತದೆ. ಬಗೆದು ಮೂಸಿದರೆ ಕೊಳೆತ ಮೊಟ್ಟೆಯ ನಾತ. ಮಣ್ಣು ಬೂದಿಗಪ್ಪು ಬಣ್ಣ. ಬೇರು ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಕೈಗೆ ಬರುತ್ತದೆ. ಇಂಥಲ್ಲಿ ಯಾವ ಗೊಬ್ಬರವೂ ಬೇಡ, ನೀರಿಗೆ ದಾರಿ ಬೇಕು. ಬೇಸಿಗೆಗೆ ಗುಳಿ, ಮಳೆಗಾಲಕ್ಕೆ ದಿಬ್ಬ ಎಂಬುದು ಇಲ್ಲಿನ ಹಳಬರ ಕ್ರಮ. ಅನುಮಾನವಿದ್ದರೆ ಒಂದು ಅಡಿ ಆಳದ ಗುಳಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಗಡಿಯಾರ ನೋಡಿ. ಎರಡನೆಯ ಸಲದ ನೀರು ನಾಲ್ಕೈದು ಗಂಟೆಯಾದರೂ ನಿಂತೇ ಇದ್ದರೆ ಅಲ್ಲಿ ದಿಬ್ಬ ಮಾಡಿಯೇ ನೆಡಬೇಕು.

ಗಿಡ ಹಸಿರಾಗಿ, ಕೊಬ್ಬಿ, ಎಲೆ ಅಂಗೈಗಿಂತ ಅಗಲವಾಗಿ, ಆದರೆ ಕಾಯಿಯೇ ಬಿಡದೆ ಸೊಪ್ಪಿಗೇ ಹೋದರೆ ಅದು ಹೆಚ್ಚಾದ ಉಪಚಾರ. ಹೇನುಗಳು ಮುತ್ತುವುದೂ ಇಂಥ ಗಿಡಕ್ಕೇ. ತರಕಾರಿಗೆ ಹೆಕ್ಟೇರಿಗೆ 20ರಿಂದ 25 ಟನ್ ಹಟ್ಟಿಗೊಬ್ಬರ ಎಂಬ ಶಿಫಾರಸ್ಸನ್ನು ನಮ್ಮ ಲೆಕ್ಕಕ್ಕೆ ಇಳಿಸಿದರೆ ಸೆಂಟ್ಸಿಗೆ 80ರಿಂದ 100 ಕಿಲೊ. ಅಳೆದು ನೋಡಿದರೆ ಕೆಲವರು ಅದರ ಮೂರು ಪಟ್ಟು ಹಾಕಿರುತ್ತಾರೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಮಣ್ಣಿನ ಹುಳಿ. ನಮ್ಮ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ, ಮಲಬಾರಿನ ಅಂಗಾಡಿಪುರದ ಕಲ್ಲನ್ನು ನೋಡಿ. ಸಾವಿರಾರು ವರ್ಷಗಳ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದು ಕಬ್ಬಿಣ, ಅಲ್ಯುಮಿನಿಯಂ ಮಾತ್ರ ಉಳಿಸಿದ ನೆಲ ಇದು. ರಸಸಾರ, ಅಂದರೆ ಪಿ.ಎಚ್., 7 ಇದ್ದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ನಮ್ಮಲ್ಲಿ ಅದು 5ರ ಆಸುಪಾಸಿಗೆ, ಕೆಲವೆಡೆ ಇನ್ನೂ ಕೆಳಗೆ ಇಳಿಯುತ್ತದೆ. ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರಿತು ಎಂದು ಲೆಕ್ಕ. ಅಷ್ಟು ಹುಳಿಯಲ್ಲಿ ಅಲ್ಯುಮಿನಿಯಂ ಕರಗಿ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ. ನೀವು ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯುಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಕೊಳೆತ ಗೊಬ್ಬರದಿಂದ ಸ್ವಲ್ಪ ಶಮನವಾಗುತ್ತದೆ ನಿಜ, ಆದರೆ ಪೂರ್ತಿ ಹುಳಿ ಕಳೆಯಲು ಸುಣ್ಣವೇ ಬೇಕು. ಕುಮ್ಮಾಯಂ ಎಂದು ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಮೆಗ್ನೀಸಿಯಂ ಕೊರತೆಯೂ ಇದ್ದರೆ ಡೋಲೊಮೈಟ್ ತನ್ನಿ, ಒಂದೇ ಕಲ್ಲಿನಲ್ಲಿ ಎರಡು ಕೆಲಸ. ಹಿತ್ತಿಲಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಸೆಂಟ್ಸಿಗೆ ಎರಡರಿಂದ ಮೂರು ಕಿಲೊ, ಮಣ್ಣು ಪರೀಕ್ಷೆ ಮಾಡಿಸಿದರೆ ಅಲ್ಲಿ ಬಂದ ಲೆಕ್ಕವೇ ಸರಿ.

ಸುಣ್ಣವನ್ನೂ ಹಟ್ಟಿಗೊಬ್ಬರವನ್ನೂ ಒಂದೇ ದಿನ ಬೆರೆಸಬೇಡಿ. ಸುಣ್ಣ ತಾಗಿದರೆ ಗೊಬ್ಬರದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ, ಉಳಿಯುವುದು ಕಸ. ಮೊದಲು ಸುಣ್ಣ ಹಾಕಿ ಮಣ್ಣಿಗೆ ಬೆರೆಸಿ, ತೇವ ಕೊಟ್ಟು, ಎರಡು ವಾರ ಬಿಟ್ಟು ಗೊಬ್ಬರ ಹಾಕಿ. ಒಲೆಯ ಬೂದಿಗೂ ಇದೇ ನಿಯಮ. ಹಸಿ ಸೆಗಣಿ ರಾಶಿಗೆ ಬೂದಿ ಸುರಿಯುವ ಅಭ್ಯಾಸ ಹಲವು ಮನೆಗಳಲ್ಲಿದೆ. ಅದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದ ಹಾಗೆ. ಸುಡುಮಣ್ಣಿನ ಬಳಕೆಯಲ್ಲಿ ಹಿರಿಯರು ಅದನ್ನು ಆರಿಸಿ, ಬೇರೆಯಾಗಿಯೇ ಹಾಕುತ್ತಿದ್ದರಷ್ಟೆ.

ಈ ಸುಣ್ಣದ ಮಾತನ್ನು ಅಕ್ಕಲಕೋಟೆ, ಜತ್ತದ ಕರಿಮಣ್ಣಿನ ಬಂಧುಗಳು ತಮಗೆ ಅನ್ವಯಿಸಿಕೊಳ್ಳಬಾರದು. ಅವರ ನೆಲದಲ್ಲಿ ಸುಣ್ಣಕಲ್ಲು ತಾನಾಗಿಯೇ ಇದೆ. ಅಲ್ಲಿ ರಸಸಾರ ಎಂಟರ ಸುತ್ತ ಇರುತ್ತದೆ, ಹೊಸ ಚಿಗುರೇ ನರ ಬಿಟ್ಟು ಬಿಳಿಚಿಕೊಂಡರೆ ಅದು ಕಬ್ಬಿಣ ಸಿಗದ ಲಕ್ಷಣ. ಅಲ್ಲಿ ಸುಣ್ಣ, ಬೂದಿ ಎರಡೂ ರೋಗಕ್ಕೆ ತುಪ್ಪ ಎರೆದಂತೆ.

ಮಣ್ಣು ಪರೀಕ್ಷೆಯ ಚೀಟಿಯ ವಿಷಯದಲ್ಲಿ ಗಡಿನಾಡಿನ ನಮಗೆ ಮಾತ್ರ ಇರುವ ಒಂದು ಅಪಾಯವನ್ನು ಹೇಳಲೇಬೇಕು. ಚೀಟಿ ಮಲಯಾಳದಲ್ಲಿ ಬರುತ್ತದೆ. ಮನೆಯಲ್ಲಿ ಮಕ್ಕಳು ಅಕ್ಷರ ಓದಿ ಹೇಳುತ್ತಾರೆ, ಹಿರಿಯರು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಪಾಕ್ಯಜನಕಂ ಎಂದರೆ ನಮ್ಮ ಸಾರಜನಕ. ಭಾವಹಂ ಎಂದರೆ ರಂಜಕ. ಮೂರನೆಯದು ಕ್ಷಾರಂ. ಕನ್ನಡದಲ್ಲಿ ಕ್ಷಾರ ಎಂದರೆ ಹುಳಿಗೆ ವಿರುದ್ಧವಾದದ್ದು, ಚೌಳು. ಮಲಯಾಳದ ಕೃಷಿಭಾಷೆಯಲ್ಲಿ ಪೋಷಕಾಂಶಗಳ ಸಾಲಿನಲ್ಲಿ ಕ್ಷಾರಂ ಎಂದು ಬರೆದರೆ ಅದು ಪೊಟ್ಯಾಷ್! "ಕ್ಷಾರಂ ಹೆಚ್ಚು" ಎಂದು ಓದಿ, "ಹಾಗಾದರೆ ನಮ್ಮ ಮಣ್ಣಿಗೆ ಸುಣ್ಣ ಬೇಡ" ಎಂದು ತೀರ್ಮಾನಿಸಿದರೆ ಹುಳಿ ಮಣ್ಣು ಹುಳಿಯಾಗಿಯೇ ಉಳಿಯುತ್ತದೆ. "ಕ್ಷಾರಂ ಕಡಿಮೆ" ಎಂದು ಓದಿ ಸುಣ್ಣದ ಮೇಲೆ ಸುಣ್ಣ ಸುರಿದರೆ ಪೊಟ್ಯಾಷ್ ಸಿಗದೆ ಕಾಯಿ ಸಣ್ಣಗಾಗುತ್ತದೆ. ಸುಣ್ಣದ ಅಗತ್ಯ ನೋಡಬೇಕಾದದ್ದು ಪಿ.ಎಚ್. ಎಂದು ಬರೆದ ಅಂಕದಲ್ಲಿ, ಅಥವಾ ಅಮ್ಲತ್ವಂ, ಪುಳಿರಸಂ ಎಂಬ ಪದಗಳ ಎದುರು. ಎರಡು ಭಾಷೆ ಬಲ್ಲವರಿಗೆ ಎರಡು ಕಣ್ಣು ಎನ್ನುತ್ತೇವೆ, ಕೆಲವು ಸಲ ಒಂದೇ ಪದ ಎರಡು ಕಣ್ಣಿಗೂ ಮಣ್ಣೆರಚುತ್ತದೆ.

ಮಣ್ಣು ತೆಗೆಯುವ ಕ್ರಮ ಕಷ್ಟದ್ದಲ್ಲ. ಹುಲ್ಲು ಕಸ ಸರಿಸಿ, ಗುದ್ದಲಿಯಿಂದ ಅರ್ಧ ಅಡಿ ಆಳಕ್ಕೆ ಗುಳಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ತೆಳು ಪದರ ಕೆತ್ತಿ ತೆಗೆಯಿರಿ. ಹೀಗೆ ಜಾಗದ ಎಂಟು ಹತ್ತು ಕಡೆಯಿಂದ ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ ಬಂದು ಕೊನೆಗೆ ಅರ್ಧ ಕಿಲೊ ಉಳಿಸಿ. ಗೊಬ್ಬರದ ರಾಶಿಯಿದ್ದ ಜಾಗ, ಮರದ ಬುಡ, ಬದುವಿನ ಅಂಚು ಬೇಡ. ಹೊಸದಾಗಿ ಗೊಬ್ಬರ ಅಥವಾ ಸುಣ್ಣ ಹಾಕಿದ ಮಣ್ಣನ್ನು ಕಳಿಸಿದರೆ ಚೀಟಿ ಗೊಬ್ಬರದ ಗುಣ ಹೇಳುತ್ತದೆ, ನೆಲದ ಗುಣ ಹೇಳುವುದಿಲ್ಲ. ಚೀಲದ ಮೇಲೆ ಹೆಸರು, ಸರ್ವೆ ನಂಬ್ರ, ಮುಂದೆ ಬೆಳೆಯುವ ಬೆಳೆ ಬರೆದು ಪಂಚಾಯತಿನ ಕೃಷಿ ಭವನದಲ್ಲಿ ಕೊಡಿ.

ಆದರೆ ಚೀಟಿ ಬರುವವರೆಗೆ ನಮ್ಮ ಐದು ಜನ ಅಕ್ಕಂದಿರು ಕಾಯುವಂತಿಲ್ಲವಲ್ಲ! ಅವರಿಗೆ ಮನೆಯಲ್ಲೇ ಮಾಡುವ ಪರೀಕ್ಷೆಯೊಂದಿದೆ. ಮೂರು ತೆಂಗಿನ ಗೆರಟೆ ತೆಗೆದುಕೊಂಡು ಅಡಿಯಲ್ಲಿ ತೂತು ಮಾಡಿ. ಒಂದಕ್ಕೆ ಗೊಬ್ಬರ ಮುಟ್ಟದ ಬದಿಯ ಮಣ್ಣು, ಇನ್ನೊಂದಕ್ಕೆ ಕೆಟ್ಟ ಗುಳಿಯ ಮಣ್ಣು, ಮೂರನೆಯದಕ್ಕೆ ಇವೆರಡನ್ನೂ ಸಮ ಪಾಲು ಬೆರೆಸಿದ್ದು. ಒಂದೊಂದಕ್ಕೂ ಹತ್ತು ಹೆಸರುಕಾಳು ಬಿತ್ತಿ, ಒಂದೇ ಕಡೆ ಇಟ್ಟು, ಒಂದೇ ಅಳತೆ ನೀರು ಕೊಡಿ. ಒಂದು ವಾರ ಸಾಕು. ಎರಡನೆಯ ಗೆರಟೆಯಲ್ಲಿ ಕಾಳು ಮೊಳೆಯದೆ ಅಥವಾ ಬೇರಿನ ತುದಿ ಕಂದಾಗಿದ್ದು, ಮೂರನೆಯದರಲ್ಲಿ ಚೆನ್ನಾಗಿ ಬಂದರೆ ಗೊಬ್ಬರದ ಉಪ್ಪು, ಕಾವು ಹೆಚ್ಚಾಗಿದೆ, ಬರಿ ಮಣ್ಣು ಬೆರೆಸಿ ಮತ್ತೆ ಬೀಜ ಹಾಕಬಹುದು. ಮೂರರಲ್ಲೂ ಸಮನಾಗಿ ಮೊಳೆತರೆ ಗುಳಿಯಲ್ಲಿ ವಿಷವೇನಿಲ್ಲ, ತೊಂದರೆ ಹಸಿವಿನದ್ದು. ಆಗ ಗಿಡ ಕೀಳಬೇಡಿ, ಗೋಮೂತ್ರದ ನೀರು ಎರೆಯಿರಿ. ಮೊದಲನೆಯದರಲ್ಲೇ ಸರಿಯಾಗಿ ಬಾರದಿದ್ದರೆ ದೋಷ ಗೊಬ್ಬರದ್ದಲ್ಲ, ಬೀಜದ್ದು ಅಥವಾ ನೆಲದ್ದು. ಅದೇ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದರೆ ಆ ಎರಡರಲ್ಲಿ ಯಾವುದು ಎಂಬುದೂ ಮೂರು ದಿನದಲ್ಲಿ ತಿಳಿಯುತ್ತದೆ.

ಗೆರಟೆಯ ಪರೀಕ್ಷೆಯನ್ನು ಬೀಜ ಹಾಕುವ ಎರಡು ವಾರ ಮೊದಲೇ ಮಾಡಿದರೆ ಗುಳಿ ತುಂಬುವ ಕೂಲಿಯೂ ಉಳಿಯುತ್ತದೆ. ಈ ಬಾರಿ ಮಣ್ಣು ಕಳಿಸುವವರು ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮೊದಲೇ ತೆಗೆದಿಡಿ, ಒದ್ದೆ ಮಣ್ಣು ಒಣಗಿಸುವ ಪಾಡು ತಪ್ಪುತ್ತದೆ.